ಬಾಗಿಲ ಮೇಲಿನ ಜೇನುಗೂಡು

ಪಕ್ಕದ ಮನೆಯಮ್ಮ ಯಾವುದನ್ನೂ ನೇರವಾಗಿ ನೋಡುತ್ತಿರಲಿಲ್ಲ. ಕೋಳಿ ಕಾಳನ್ನು ನೋಡುವ ಹಾಗೆ ಕತ್ತನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡುತ್ತಿದ್ದರು. ಅವರ ಎರಡೂ ಕಣ್ಣುಗಳ ನಡುಭಾಗ ಸತ್ತುಹೋಗಿತ್ತಂತೆ. ಸುತ್ತಲಿನದು ಕಾಣುತ್ತಿತ್ತು, ಎದುರಿಗಿದ್ದದ್ದು ಮಾತ್ರ ಕಾಣುತ್ತಿರಲಿಲ್ಲ. ಬೇಲಿಯ ಆಚೆ ನಿಂತು ನನ್ನನ್ನು ಮಾತಾಡಿಸುವಾಗ ಅವರ ಮುಖ ನಮ್ಮ ಕಸದ ಡಬ್ಬಿಯ ಕಡೆಗಿರುತ್ತಿತ್ತು. ಮೊದಮೊದಲು ನಾನು, ಈಕೆಗೆ ನಮ್ಮ ಮುಖ ನೋಡಲೂ ಇಷ್ಟವಿಲ್ಲ ಎಂದುಕೊಂಡಿದ್ದೆ.

ಮಕ್ಕಳೇ, ನೀವಿಬ್ಬರೂ ಅವರನ್ನು ಈ ದೇಶದ ಅಜ್ಜಿಯರನ್ನು ಕರೆಯುವಂತೆ ‘ನ್ಯಾನಾ’ ಎನ್ನುತ್ತಿದ್ದಿರಿ. ನನ್ನನ್ನು ‘ಅಜ್ಜಿ’ ಎನ್ನುತ್ತಿದ್ದಿರಿ. ಹಾಗಾಗಿ ನಿಮಗೆ ಇಬ್ಬರು ಅಜ್ಜಿಯರಿದ್ದರು ಎನ್ನಬಹುದು. ನೀವಿನ್ನೂ ಚಿಕ್ಕವರು, ದೊಡ್ಡವರಾದ ಮೇಲೆ ಅವರು ಕೊಡುತ್ತಿದ್ದ ಬಿಸ್ಕತ್ತು ಬಿಟ್ಟರೆ ಬೇರೇನೂ ನಿಮಗೆ ನೆನಪಿರಲಾರದು. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಬರೆದು ರೂಢಿಯಿಲ್ಲ. ಆದರೂ ಅವರನ್ನು ಬಲ್ಲವರು ಈಗ ಕಡಿಮೆ, ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮಪ್ಪ ಯಾವತ್ತಾದರೂ ಓದಿ ಹೇಳಿಯಾನು.

ನಾನೂ ನಿಮ್ಮ ತಾತನೂ ನ್ಯೂಜಿಲೆಂಡಿನ ಹಾರ್ನ್‌ಬಿಯ ಈ ಮನೆಗೆ ಬಂದ ವಾರವೇ ಅವರು ತಟ್ಟೆಯ ತುಂಬ ಬಿಸ್ಕತ್ತು ಹಿಡಿದು ಬಂದರು. ಊರಿಂದ ತಂದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ, ಒಳ್ಳೆಯ ಕಾಫಿ ಮಾಡಿ ಕೊಟ್ಟೆ. ಅವರು ಲೋಟವನ್ನು ಮುಟ್ಟಲಿಲ್ಲ. ಕೈ ಅಡ್ಡ ಹಿಡಿದು, ನೀರು ಸಾಕು ಎಂದರು. ಊರಿನಲ್ಲಿ ಕೆಲವರಿಗೆ ಲೋಟ ಬೇರೆ ಇಡುವುದನ್ನು ಕಂಡವಳು ನಾನು. ನನ್ನ ಮುಖ ಬಿಸಿಯಾಯಿತು. ಅವರು ಹೋದ ಮೇಲೆ ನಿಮ್ಮ ತಾತ, “ನಮ್ ಕೈನಲ್ಲಿ ಕುಡಿಯಾಕಿಲ್ವಂತೆ ಕಣೇ. ಇಲ್ಲೂ ಐತೆ ಅನ್ನು ಅದು,” ಎಂದರು.

ಸಂಜೆ ಕೆಲಸದಿಂದ ಬಂದ ನಿಮ್ಮಪ್ಪ ನಕ್ಕಿದ್ದೇ ನಕ್ಕಿದ್ದು. “ಅವ್ವ, ಅವ್ರು ಕ್ರಿಶ್ಚಿಯನ್ನರಲ್ಲೇ ಮಾರ್ಮನ್ ಪಂಥದವ್ರು ಕಣವ್ವ. ಕಾಫಿ, ಟೀ ಯಾವ್ದೂ ಮುಟ್ಟಲ್ಲ. ನಮಗೆ ಸಾರಾಯಿ ಹೆಂಗೋ ಅವ್ರಿಗೆ ಕಾಫಿ ಹಂಗೆ.”

“ಹಂಗಾರೆ ನಾನು ದಿನಕ್ಕೆ ನಾಕು ಸಲ ಕುಡುಕ,” ಎಂದರು ನಿಮ್ಮ ತಾತ.

ಮರುದಿನ ಬಾದಾಮಿ ಹಾಲು ಮಾಡಿ ಬೇಲಿಯ ಮೇಲಿಂದ ಕೊಟ್ಟೆ. ಅಲ್ಲಿಂದ ಶುರುವಾಯಿತು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ, ನನ್ನದು ಅರ್ಧ ಇಂಗ್ಲಿಷ್ ಅರ್ಧ ಕೈಸನ್ನೆ. ಇಲ್ಲಿ ಅವರ ಮಾತುಗಳನ್ನು ನನಗೆ ಅರ್ಥವಾದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ.

ನಿಮ್ಮ ತಾತ ತೀರಿಕೊಂಡದ್ದು ನಾವು ಬಂದ ಎರಡನೆಯ ಚಳಿಗಾಲದಲ್ಲಿ. ಊರಾಗಿದ್ದರೆ ಹದಿನೈದು ದಿನ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇಲ್ಲಿ ನಿಮ್ಮಪ್ಪನ ಸ್ನೇಹಿತರು ದೂರದ ಲೋವರ್ ಹಟ್‌ನಿಂದಲೂ ಬಂದರು, ಒಂದು ದಿನವಿದ್ದು ಹೋದರು. ಮಾರನೆಯ ವಾರ ನಿಮ್ಮಪ್ಪ ಅಮ್ಮ ಕೆಲಸಕ್ಕೆ ಹೋಗಲೇಬೇಕಾಯಿತು, ನೀವು ಶಾಲೆಗೆ. ಆಗ ಪಕ್ಕದ ಮನೆಯಮ್ಮ ಬಂದು ಕೂತರು. ಆಲೂಗಡ್ಡೆಯನ್ನು ತುರಿದು, ಚೀಸ್ ಹಾಕಿ, ಒಲೆಯಲ್ಲಿ ಬೇಯಿಸಿದ ಒಂದು ತಿಂಡಿ ತಂದಿದ್ದರು. ಸಾವಿನ ಮನೆಗೆ ಅವರ ಪಂಥದ ಹೆಂಗಸರು ತರುವುದು ಅದನ್ನೇ ಅಂತೆ. ಊಟದ ಹೊತ್ತಿಗೆ ತಟ್ಟೆಗೆ ಬಡಿಸಿ ನನ್ನ ಮುಂದಿಟ್ಟರು. ಮರುದಿನವೂ ಬಂದರು, ಅದರ ಮರುದಿನವೂ. ಅಳುವವಳ ಪಕ್ಕದಲ್ಲಿ ಸುಮ್ಮನೆ ಕೂರುವುದು ಎಲ್ಲರಿಗೂ ಬರುವುದಿಲ್ಲ.

ಒಂದು ದಿನ ಅವರು ಗೋಡೆಯ ಹತ್ತಿರ ಹೋಗಿ, ಕತ್ತು ಓರೆ ಮಾಡಿ, ನಿಮ್ಮ ತಾತನ ಫೋಟೋಕ್ಕೆ ಹಾಕಿದ್ದ ಹಾರವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಪಕ್ಕದಲ್ಲೇ ನಮ್ಮ ಮದುವೆಯ ಫೋಟೋ ಇತ್ತಲ್ಲ, ಅದನ್ನೂ ಮೂಗಿನ ಹತ್ತಿರ ಹಿಡಿದು ನೋಡಿದರು. ಮಂಡ್ಯದ ಸ್ಟುಡಿಯೋದಲ್ಲಿ ತೆಗೆಸಿದ್ದು. ನಾವಿಬ್ಬರೂ ಬಿಗಿದುಕೊಂಡು ನಿಂತಿದ್ದೇವೆ. ಹಿಂದೆ ಕಮಾನುಗಳ ದೊಡ್ಡ ಅರಮನೆ, ಅದರ ಮುಂದೆ ಕಾರಂಜಿ.

“ಅಲ್ಲ ಡಿಯರ್, ನೀವು ಇಷ್ಟು ಸಾಹುಕಾರರಾ?” ಎಂದರು.

“ಬಟ್ಟೆ. ಬಣ್ಣ,” ಎಂದೆ. ಪರದೆ ಎಂದು ಹೇಳಲು ನನಗೆ ಮಾತು ಹೊಳೆಯಲಿಲ್ಲ. ಸೆರಗನ್ನು ಎತ್ತಿ ಹಿಡಿದು ತೋರಿಸಿದೆ. ಅವರಿಗೆ ಅರ್ಥವಾಗಿ ನಕ್ಕರು. ನಿಮ್ಮ ತಾತ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

“ನಾಳೆ ನೀನು ನಮ್ಮನೆಗೆ ಬಾ,” ಎಂದರು. “ನನ್ನ ಹತ್ತಿರವೂ ಫೋಟೋಗಳಿವೆ.”

ಅವರ ಮನೆಯ ಹಿಂದಿನ ಕೋಣೆಯ ಪರದೆಗಳು ಯಾವಾಗಲೂ ಎಳೆದಿರುತ್ತಿದ್ದವು. ಗೋಡೆಯಲ್ಲಿ ಒಂದು ಫೋಟೋವೂ ಇರಲಿಲ್ಲ. ಎಲ್ಲ ಬೀರುವಿನ ಅಗಲವಾದ ಖಾನೆಗಳಲ್ಲಿ, ತೆಳು ಕಾಗದದ ನಡುವೆ ಮಲಗಿದ್ದವು. “ಬೆಳಕು ಇವನ್ನು ತಿನ್ನುತ್ತೆ,” ಎನ್ನುತ್ತಿದ್ದರು. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು, ನನಗೂ ಒಂದು ಜೊತೆ ಕೊಟ್ಟು, ಒಂದೊಂದನ್ನೇ ಎತ್ತಿ ಮೇಜಿನ ಮೇಲೆ ಇಟ್ಟರು. ಹಳೆಯ ಕಾಲದ ದಪ್ಪ ರಟ್ಟಿಗೆ ಅಂಟಿಸಿದ ಚಿತ್ರಗಳು. ಎಲ್ಲವೂ ಹಾಲು ಹೆಚ್ಚಾದ ಕಾಫಿಯ ಬಣ್ಣ. ಕಾಫಿ ಮುಟ್ಟದವರ ಮನೆಯಲ್ಲಿ ಖಾನೆಗಟ್ಟಲೆ ಕಾಫಿ ಬಣ್ಣ ಎಂದು ಮನಸ್ಸಿನಲ್ಲೇ ನಕ್ಕೆ.

ಎಲ್ಲದರಲ್ಲೂ ಇದ್ದದ್ದು ಕಟ್ಟಡ. ಮಾರ್ಮನ್ ಪಂಥದ ಮೊದಲ ತಲೆಮಾರಿನವರನ್ನು ಅಮೆರಿಕದ ಒಂದು ಕಡೆಯಿಂದ ಓಡಿಸಿದಾಗ ಅವರು ಗಾಡಿ ಕಟ್ಟಿಕೊಂಡು, ಕೈಗಾಡಿ ತಳ್ಳಿಕೊಂಡು ಯೂಟಾ ಎಂಬ ಒಣ ಸೀಮೆಗೆ ಬಂದು ನೆಲೆಸಿದರಂತೆ. ತಮ್ಮ ಮನೆಗಳು ನೆಟ್ಟಗೆ ನಿಲ್ಲುವ ಮೊದಲೇ ಪ್ರಾರ್ಥನೆಯ ಮನೆ ಕಟ್ಟುತ್ತಿದ್ದರಂತೆ. ಬೋಗುಣಿ ಬೋರಲು ಹಾಕಿದ ಹಾಗಿರುವ ದೊಡ್ಡ ಸಭಾಮಂದಿರ, ಸಾರುವೆ ಕಟ್ಟಿದ ಅರ್ಧ ಗೋಪುರ, ಹಸಿ ಇಟ್ಟಿಗೆಯ ಪುಟ್ಟ ಗುಡಿ, ಮರದ ದಿಮ್ಮಿ ಜೋಡಿಸಿದ ಕೊಟ್ಟಿಗೆಯಂಥದ್ದು. ಬೀದಿಗಳೆಲ್ಲ ಖಾಲಿ. ಜನ ಓಡಾಡುತ್ತಿದ್ದರಂತೆ, ಆದರೆ ಆ ಕಾಲದ ಕ್ಯಾಮರಾಕ್ಕೆ ನಿಲ್ಲದವರು ಸಿಗುತ್ತಿರಲಿಲ್ಲವಂತೆ.

ಒಂದು ಗುಡಿಯ ಒಳಗಿನ ಚಿತ್ರ ತೋರಿಸಿ, “ಈ ಬೆಂಚುಗಳು ಯಾವ ಮರ ಹೇಳು,” ಎಂದರು. ನೋಡಿದರೆ ತೇಗದಂಥ ಗಟ್ಟಿ ಮರದ ಗೆರೆಗಳು. ಅವರು ತಲೆಯಾಡಿಸಿದರು. ಅಲ್ಲಿ ಸಿಗುತ್ತಿದ್ದದ್ದು ಬರೀ ಪೈನ್ ಮರ, ಹಗುರ ಮರ. ಅದಕ್ಕೆ ಬಣ್ಣ ಬಳಿದು, ಬಾಚಣಿಗೆಯಿಂದ ಗೆರೆ ಎಳೆದು, ಓಕ್ ಎಂಬ ಬೆಲೆಬಾಳುವ ಮರದ ಹಾಗೆ ಮಾಡುತ್ತಿದ್ದರಂತೆ. ಮರದ ಕಂಬಕ್ಕೆ ಹಕ್ಕಿಯ ಗರಿಯಿಂದ ಬಣ್ಣ ಎಳೆದು ಅಮೃತಶಿಲೆ ಮಾಡುತ್ತಿದ್ದರಂತೆ. “ದೇವರಿಗೆ ಒಳ್ಳೆಯದನ್ನೇ ಕೊಡಬೇಕು ಅಂತ ಆಸೆ. ಇರಲಿಲ್ಲ, ಬಣ್ಣ ಬಳಿದು ಕೊಟ್ಟರು,” ಎಂದು ಹೆಮ್ಮೆಯಿಂದ ಹೇಳಿದರು.

ಇಷ್ಟೊಂದು ಗುಡಿಗಳ ಚಿತ್ರ ಇವರಿಗೇಕೆ ಎಂದು ತಿಳಿದದ್ದು ಕೆಲವು ದಿನಗಳಾದ ಮೇಲೆ. ಮೇಜಿನ ಗಾಜಿನ ಕೆಳಗೆ ಒಂದು ದೊಡ್ಡ ಪ್ರತಿ ಇತ್ತು. ಕಲ್ಲಿನ ಪುಟ್ಟ ಗುಡಿ, ಚೂಪು ತುದಿಯ ಕಿಟಕಿಗಳು. ಮುಂದೆ ಸಾಲಾಗಿ ನಿಂತ ಜನ. ಬಾಗಿಲ ಮೇಲೆ ಕಲ್ಲಿನಲ್ಲಿ ಏನೋ ಉಬ್ಬಿಕೊಂಡಿತ್ತು. ಹಳೆಯ ಕಾಗದ ಬಿರಿದ ಹಾಗೆ ಒಂದು ಗೆರೆ ಅದರ ಮೇಲೆ ಅಡ್ಡ ಹಾದಿತ್ತು.

“ನೀವೂ ಹುತ್ತಕ್ಕೆ ಪೂಜೆ ಮಾಡ್ತೀರಾ?” ಎಂದು ಕೇಳಿದೆ. ಹುತ್ತ ಎಂಬುದನ್ನು ಅವರಿಗೆ ತಿಳಿಸಲು ನಾನು ಹಾವಿನ ಹೆಡೆಯನ್ನೂ ಕೈಯಲ್ಲಿ ಮಾಡಿ ತೋರಿಸಬೇಕಾಯಿತು.

ಅವರಿಗೆ ನಗು ತಡೆಯಲಾಗಲಿಲ್ಲ. “ಜೇನುಗೂಡು ಅದು. ನಮ್ಮವರ ಗುರುತು. ದುಡಿಮೆಯ ಗುರುತು.” ಆಮೇಲೆ ಕೈಗವಸಿನ ಬೆರಳನ್ನು ಸಾಲಿನ ಕೊನೆಯ ಹೆಂಗಸಿನ ಮೇಲೆ ಇಟ್ಟರು. ಅವರಿಗೆ ಅದು ಕಾಣುತ್ತಿರಲಿಲ್ಲ. ಆದರೂ ಬೆರಳು ಸರಿಯಾದ ಜಾಗಕ್ಕೇ ಹೋಯಿತು. “ಇವಳು ನನ್ನ ಅಜ್ಜಿಯ ತಾಯಿ. ಇವಳ ಹೆಸರು ಯಾರಿಗೂ ಗೊತ್ತಿಲ್ಲ.”

ಆ ಹೆಂಗಸಿನ ಕಂಕುಳಲ್ಲಿ ಒಂದು ಮಗು. ಮಗು ತಲೆ ತಿರುಗಿಸಿದ್ದರಿಂದ ಮುಖ ಹೊಗೆಯಂತೆ ಕದಡಿಹೋಗಿತ್ತು. ಆ ಮಗುವೇ ಅವರ ಅಜ್ಜಿ. ಹೆಂಗಸು ಯೂಟಾದಲ್ಲೇ ತೀರಿಕೊಂಡಳು. ಗಂಡ ಮಗುವನ್ನೂ ಈ ಒಂದು ಫೋಟೋವನ್ನೂ ಎತ್ತಿಕೊಂಡು ಹಡಗು ಹತ್ತಿ ನ್ಯೂಜಿಲೆಂಡಿಗೆ ಬಂದ, ಇಲ್ಲಿ ಇನ್ನೊಂದು ಮದುವೆಯಾದ. ಮೊದಲ ಹೆಂಡತಿಯ ಮಾತನ್ನು ಸಾಯುವವರೆಗೂ ಎತ್ತಲಿಲ್ಲ. ‘ಇವಳು ನಿನ್ನ ತಾಯಿ’ ಎಂದು ಒಮ್ಮೆ ಬೆರಳು ತೋರಿಸಿದ್ದು ಬಿಟ್ಟರೆ ಮಗಳಿಗೆ ಬೇರೇನೂ ಸಿಗಲಿಲ್ಲ.

ಅವರ ಪಂಥದಲ್ಲಿ ಒಂದು ಪದ್ಧತಿಯಿದೆ. ತಮ್ಮ ದೊಡ್ಡ ದೇವಾಲಯಕ್ಕೆ ಹೋಗಿ, ಸತ್ತ ಹಿರಿಯರ ಹೆಸರು ಹೇಳಿ, ಅವರ ಪರವಾಗಿ ತಾವು ನೀರಿನಲ್ಲಿ ಮುಳುಗುತ್ತಾರೆ. ತಾಯಿಗೆ ಮಗಳನ್ನು, ಮಗಳಿಗೆ ಮೊಮ್ಮಗಳನ್ನು ಸೇರಿಸಿ, ಮುಂದೆಂದೂ ಬಿಡದ ಹಾಗೆ ಕೊಂಡಿ ಹಾಕುತ್ತಾರೆ. ಆದರೆ ಹೆಸರು ಬೇಕು. ಹೆಸರಿಲ್ಲದಿದ್ದರೆ ಕೊಂಡಿ ಸಿಗುವುದಿಲ್ಲ. ಫೋಟೋದ ಗುಡಿ ಯಾವ ಊರಿನದೆಂದು ಗೊತ್ತಾದರೆ, ಆ ಊರಿನ ಹಳೆಯ ದಾಖಲೆಗಳಲ್ಲಿ ಹೆಸರು ಹುಡುಕಬಹುದು. ಅದಕ್ಕಾಗಿಯೇ ಈ ಖಾನೆಗಳು. ಹಾರ್ನ್‌ಬಿಯ ಒಂದು ಉಗ್ರಾಣದಲ್ಲಿ ಪೊಟ್ಟಣ ಕಟ್ಟುವ ಕೆಲಸ ಮಾಡುತ್ತ, ಮದುವೆಯಾಗದೆ, ಆ ಕಾಲದ ಗುಡಿಯ ಚಿತ್ರ ಯಾವುದು ಸಿಕ್ಕರೂ ತರಿಸಿಕೊಂಡು, ತಮ್ಮ ಫೋಟೋದೊಂದಿಗೆ ಹೋಲಿಸುತ್ತ ಒಂದು ಆಯುಷ್ಯ ಕಳೆದಿದ್ದರು. ಈಗ ಕಣ್ಣು ಹೋಗಿತ್ತು.

“ನಿನ್ನ ಕಣ್ಣು ಕೊಡ್ತೀಯಾ?” ಎಂದು ಕೇಳಿದರು.

ನನಗೆ ಮನೆಯಲ್ಲಿ ಇನ್ನೇನು ಕೆಲಸವಿತ್ತು? ಅಡುಗೆ ಮುಗಿಸಿ ದಿನಾ ಹೋಗುತ್ತಿದ್ದೆ. ಅವರದೊಂದು ಕ್ರಮವಿತ್ತು. ಮೊದಲು ಕಿಟಕಿ, ಆಮೇಲೆ ಬಾಗಿಲು, ಆಮೇಲೆ ಸೂರು. “ತುದಿ ಚೂಪೋ ಗುಂಡೋ? ಮೂಲೆಗಲ್ಲು ಬೇರೆ ಬಣ್ಣವೋ?” ಎಂದು ಕೇಳುವರು. ನಾನು ಭೂತಗನ್ನಡಿಯಲ್ಲಿ ನೋಡಿ ಹೇಳುವೆ. ಕಿಟಕಿ, ಕಂಬ, ಕಮಾನು, ಸೂರು, ನನ್ನ ಇಂಗ್ಲಿಷೆಲ್ಲ ಹಾಗೆ ಕಟ್ಟಡದಿಂದಲೇ ಬಂತು. ಬಸ್ಸಿನಲ್ಲಿ ಮಾತಾಡಲು ಹೆದರುತ್ತಿದ್ದೆ, ಗೋಪುರದ ಬಗ್ಗೆಯಾದರೆ ಮಾತಾಡುತ್ತಿದ್ದೆ. ಕೆಲವು ರಟ್ಟುಗಳಲ್ಲಿ ಒಂದೇ ಚಿತ್ರ ಎರಡು ಸಲ ಇರುತ್ತಿತ್ತು. ಅದನ್ನು ಒಂದು ಮರದ ಹಿಡಿಕೆಗೆ ಸಿಕ್ಕಿಸಿ ಎರಡು ಕಣ್ಣಿಟ್ಟು ನೋಡಿದರೆ ಗುಡಿ ಎದ್ದು ನಿಂತ ಹಾಗೆ ಕಾಣುತ್ತಿತ್ತು. ನಾನು “ಅಬ್ಬಾ” ಎಂದರೆ ಅವರ ಮುಖ ಅರಳುತ್ತಿತ್ತು. ಜೇನುಗೂಡು ಮಾತ್ರ ಯಾವ ಬಾಗಿಲ ಮೇಲೂ ಸಿಗಲಿಲ್ಲ.

ಒಮ್ಮೆ ಅವರು ಕೇಳಿದರು, “ನಿನ್ನ ಅಜ್ಜಿಯ ತಾಯಿಯ ಹೆಸರೇನು?”

ಗೊತ್ತಿಲ್ಲ ಎಂದೆ. ಅವರು ಓರೆಗತ್ತಿನಲ್ಲೇ ಬೆಚ್ಚಿದರು. “ಮತ್ತೆ ನೀನು ಹುಡುಕುತ್ತಿಲ್ಲವಾ?”

ಪಿತೃಪಕ್ಷದ ಎಡೆಯ ಬಗ್ಗೆ ಆಗ ಹೇಳಿದೆ. ಎಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಗೊತ್ತಿರುವವರನ್ನು ಹೆಸರು ಹೇಳಿ ಕರೆದು, ಉಳಿದವರಿಗೆ ‘ಹೆಸರು ತಿಳಿಯದ ಹಿರೀಕರೆಲ್ಲ ಬನ್ನಿ’ ಎಂದು ಹೇಳಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಕೆಮ್ಮಿ, ಬಾಗಿಲು ತೆಗೆದು, ನಾವು ಉಣ್ಣುವುದು. ನಮ್ಮವ್ವ ಪ್ರತಿ ವರ್ಷವೂ ಮುದ್ದೆಯ ಮೇಲೆ ಬೆರಳ ಗುರುತು ಇದೆ ಎನ್ನುತ್ತಿದ್ದಳು.

“ಹೆಸರಿಲ್ಲದೆ ಕರೆದರೆ ಯಾರು ಬರ್ತಾರೆ?” ಎಂದರು.

“ಹಸಿದವರು ಬರ್ತಾರೆ,” ಎಂದೆ.

ಅವರು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಟ್ಟರು. “ನಿಮ್ಮದು ಸುಲಭ,” ಎಂದರು. ಆ ಮಾತಿನಲ್ಲಿ ಹೊಟ್ಟೆಕಿಚ್ಚೂ ಇತ್ತು, ಸ್ವಲ್ಪ ತಾತ್ಸಾರವೂ ಇತ್ತು.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವರ ತಂಗಿಯ ಮಗಳು ಯೂಟಾದಿಂದ ಬಂದ ಒಂದು ಸುದ್ದಿ ತಂದಳು. ಅಲ್ಲಿ ಇಂಥ ಗುಡಿಗಳ ವಿಷಯ ತಿಳಿದ ಯಾರಿಗೋ ಫೋಟೋದ ಪ್ರತಿ ಕಳಿಸಿದ್ದರಂತೆ. ಬಾಗಿಲ ಮೇಲೆ ಜೇನುಗೂಡು ಇದ್ದ ಕಲ್ಲಿನ ಗುಡಿಯೊಂದು ಒಂದು ಹಳ್ಳಿಯಲ್ಲಿತ್ತು, ಈಗ ಕೆಡವಿದ್ದಾರೆ, ಆದರೆ ದಾಖಲೆಗಳು ಉಳಿದಿವೆ. ಅದರ ಗೋಡೆಯ ಬುಡದಲ್ಲಿ ನೆಲ ಎಡಕ್ಕೆ ಇಳಿಜಾರಾಗಿತ್ತು. ನಿಮ್ಮ ಮೂಲ ಫೋಟೋದಲ್ಲಿ ಹಾಗಿದೆಯೋ ನೋಡಿ, ಪ್ರತಿಯಲ್ಲಿ ಬುಡ ಸರಿಯಾಗಿ ಕಾಣುವುದಿಲ್ಲ ಎಂದು ಬರೆದಿದ್ದರಂತೆ.

ಅಂದು ಪಕ್ಕದ ಮನೆಯಮ್ಮ ತಲೆ ಬಾಚಿ, ಭಾನುವಾರದ ಅಂಗಿ ತೊಟ್ಟು ಕೂತಿದ್ದರು. ನನ್ನ ದನಿ ಕೇಳಿದೊಡನೆ ಎದ್ದು ಕೈ ಹಿಡಿದುಕೊಂಡರು. ಎಲ್ಲಕ್ಕಿಂತ ಕೆಳಗಿನ ಖಾನೆಯಿಂದ ಮೂಲ ಫೋಟೋ ತೆಗೆದರು. ಅಂಗೈಯಷ್ಟೇ ದೊಡ್ಡದು. ನಾನು ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ತಾವೇ ಹೋಗಿ ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸಿದರು.

“ಬುಡ ನೋಡು. ನೆಲ ಎಡಕ್ಕೆ ಇಳಿದಿದೆಯಾ? ಅಲ್ಲೊಂದು ಗಾಡಿಯ ಚಕ್ರ ಗೋಡೆಗೆ ಒರಗಿಸಿದೆ, ಅದರ ಪಕ್ಕ ನೋಡು.”

ಚಕ್ರ ಇತ್ತು. ನೆಲದಲ್ಲಿ ಹುಲ್ಲಿತ್ತು. ಆದರೆ ಆ ಚಕ್ರ ಗೋಡೆಗೆ ಒರಗಿರಲಿಲ್ಲ. ಗೋಡೆಯ ಹಿಂದೆ ಇತ್ತು. ಕಲ್ಲಿನ ಗೋಡೆಯ ಬುಡ ಅಲ್ಲಿ ಸೀರೆಯ ಅಂಚಿನ ಹಾಗೆ ಗಾಳಿಗೆ ಮಡಚಿಕೊಂಡು ಮೇಲೆದ್ದಿತ್ತು. ಅದರ ಅಡಿಯಿಂದ ಚಕ್ರದ ಕೆಳಗಿನ ಅರ್ಧ ಕಾಣುತ್ತಿತ್ತು. ಭೂತಗನ್ನಡಿಯನ್ನು ಮೇಲೆ ಸರಿಸಿದೆ. ಕಾಗದದ ಬಿರುಕೆಂದು ನಾವು ತಿಳಿದಿದ್ದ ಗೆರೆ ಕಾಗದದ್ದಲ್ಲ. ಕಿಟಕಿಯ ಮೇಲೆ, ಕಲ್ಲಿನ ಮೇಲೆ, ಜೇನುಗೂಡಿನ ಮೇಲೆ ಹಾದುಹೋಗಿದ್ದ ಬಟ್ಟೆಯ ಸುಕ್ಕು. ಮುಂದೆ ನಿಂತಿದ್ದ ಜನರ ಮೇಲೆ ಆ ಗೆರೆ ಇರಲಿಲ್ಲ.

“ಯಾಕೆ ಸುಮ್ಮನಾದೆ?” ಎಂದರು.

ಸುಳ್ಳು ಕಟ್ಟುವಷ್ಟು ಇಂಗ್ಲಿಷ್ ನನಗಿರಲಿಲ್ಲ. “ನಮ್ಮ ಮದುವೆ ಫೋಟೋ,” ಎಂದೆ. “ಅರಮನೆ.”

ಅವರು ನನ್ನ ಸೆರಗನ್ನು ತಡವಿ ಹಿಡಿದು, ಅಂದು ನಾನು ಎತ್ತಿ ತೋರಿಸಿದ ಹಾಗೆಯೇ ಎತ್ತಿ ಹಿಡಿದರು. ನಾನು “ಹೌದು” ಎಂದೆ.

ಊರೂರು ಸುತ್ತುವ ಫೋಟೋದವನು ಯಾವುದೋ ಬಯಲಿನಲ್ಲಿ, ಯಾವುದೋ ಗಾಡಿಗೆ ತನ್ನ ಪರದೆ ಕಟ್ಟಿದ್ದ. ಅದರಲ್ಲಿ ಬರೆದಿದ್ದ ಗುಡಿ ಎಲ್ಲಿಯೂ ಇದ್ದಿರಬಹುದು, ಇಲ್ಲದೆಯೂ ಇರಬಹುದು.

“ಹಾಗಾದರೆ ಅವಳು ಎಲ್ಲಿ ಬೇಕಾದರೂ ನಿಂತಿರಬಹುದು,” ಎಂದರು. ದನಿಯಲ್ಲಿ ಏನೂ ಇರಲಿಲ್ಲ. ಎದ್ದು ಹೋಗಿ ಕಿಟಕಿಯ ಪರದೆ ಎಳೆದರು. ಕತ್ತಲಲ್ಲಿ ಬೆನ್ನು ತಿರುಗಿಸಿ ನಿಂತೇ, “ನಮ್ಮವರಿಗೆ ಬಣ್ಣ ಬಳಿಯೋದು ಚೆನ್ನಾಗಿ ಬರ್ತಿತ್ತು, ಅಲ್ವಾ?” ಎಂದರು.

ಆಮೇಲೆ ಅವರು ಖಾನೆ ತೆಗೆಯಲಿಲ್ಲ. ನಾನು ಹೋದರೆ ಮುಂದಿನ ಕೋಣೆಯಲ್ಲೇ ಕೂರಿಸುತ್ತಿದ್ದರು. ಬೇಲಿಯ ಹತ್ತಿರ ಕತ್ತು ಓರೆ ಮಾಡುವುದನ್ನೂ ಬಿಟ್ಟರು. ಎದುರಿಗೆ ಏನೂ ಕಾಣದಿದ್ದರೂ ಎಲ್ಲರಂತೆ ನೇರ ಮುಖವಿಟ್ಟು ಮಾತಾಡತೊಡಗಿದರು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಆ ಪರದೆಯ ಚಿತ್ರಗಾರ ಆ ಹಳ್ಳಿಯ ಗುಡಿಯನ್ನೇ ನೋಡಿ ಬರೆದಿರಬಹುದಲ್ಲ ಎಂದು ನಿಮ್ಮಪ್ಪ ಹೇಳಿದ. ನಾನು ಹೋಗಿ ಅವರಿಗೆ ಹೇಳಿದೆ. “ಇರಬಹುದು ಡಿಯರ್,” ಎಂದರು. ಅಷ್ಟೇ.

ಚಳಿಗಾಲ ಮುಗಿಯುವ ಮೊದಲು ಬಚ್ಚಲಿನಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಕೈಗೆ ಗವಸಿರಲಿಲ್ಲ. ಅವರ ಬರಿಗೈಯನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಉಗ್ರಾಣದಲ್ಲಿ ದುಡಿದ ಕೈ, ಗೆಣ್ಣುಗಳು ದಪ್ಪ. “ನಿಮ್ಮ ಹಬ್ಬದಲ್ಲಿ ಅವಳಿಗೂ ಒಂದು ಎಲೆ ಹಾಕ್ತೀಯಾ?” ಎಂದು ಕೇಳಿದರು. ಹಾಕುತ್ತೇನೆ ಎಂದೆ. ತಮ್ಮ ಪಂಥಕ್ಕೆ ಇದು ಸರಿಯೋ ತಪ್ಪೋ ಎಂದು ಅವರು ಯೋಚಿಸಿದರೇನೋ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು. ಆ ವಾರವೇ ಹೋದರು.

ಅಂತ್ಯಕ್ರಿಯೆ ಅವರ ಪ್ರಾರ್ಥನೆಯ ಮನೆಯಲ್ಲಿ ನಡೆಯಿತು. ಬಿಳಿ ಗೋಡೆ, ಸಾಲು ಬೆಂಚು, ಎಲ್ಲಿಯೂ ಒಂದು ಚಿತ್ರವಿಲ್ಲ. ಬೆಂಚಿನ ಮರವನ್ನು ಉಗುರಿನಿಂದ ಮೆಲ್ಲಗೆ ಗೀರಿ ನೋಡಿದೆ. ಅಲ್ಲಿದ್ದದ್ದು ನಿಜವಾದ ಮರ.

ಅವರ ತಂಗಿಯ ಮಗಳು ಖಾನೆಗಳನ್ನು ಖಾಲಿ ಮಾಡಲು ಬಂದಾಗ ನಾನೂ ಹೋಗಿದ್ದೆ. ಪಾಪ, ಅವಳು ಎಲ್ಲ ಕಡೆಯೂ ವಿಚಾರಿಸಿದ್ದಳು. ಇಂಥವು ಬೇಕಾದಷ್ಟಿವೆ, ಬೇಡ ಎಂದಿದ್ದರಂತೆ. ಕೊನೆಗೆ ಡಬ್ಬಗಳು ಹಳೆಯ ಸಾಮಾನು ಮಾರುವ ಆಪ್ ಶಾಪಿಗೆ ಹೋದವು. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಬೋಗುಣಿಯಂಥ ಆ ಸಭಾಮಂದಿರವನ್ನು ಅಂಗಡಿಯ ಗಾಜಿನ ಹಿಂದೆ, ಬಿಸಿಲಿನಲ್ಲಿ, ಹೂಜಿಗೆ ಒರಗಿಸಿ ಇಟ್ಟಿದ್ದರು. ಒಳಗೆ ಹೋಗಿ ನೆರಳಿಗಿಡಿ ಎಂದು ಹೇಳಬೇಕೆನಿಸಿತು. ನಾಚಿಕೆಯಾಗಿ ಹೇಳಲಿಲ್ಲ. ಮುಂದಿನ ತಿಂಗಳು ನೋಡಿದಾಗ ಅದರ ಸೂರು ಮಸುಕಾಗಿತ್ತು.

ಅಂಗೈಯಗಲದ ಆ ಒಂದು ಫೋಟೋವನ್ನು ಮಾತ್ರ ನನಗೆ ಕೊಡಲು ಹೇಳಿದ್ದರಂತೆ. ನನ್ನ ಬೀರುವಿನಲ್ಲಿ, ಮದುವೆಯ ಸೀರೆಯ ಮಡಿಕೆಯಲ್ಲಿ ಇದೆ. ನನ್ನ ನಂತರ ನೀವು ಬೀರು ಖಾಲಿ ಮಾಡುವಾಗ ಸಿಗುತ್ತದೆ. ಅದರಲ್ಲಿರುವವರು ನಿಮಗೆ ಯಾರೂ ಅಲ್ಲ.

ಪಿತೃಪಕ್ಷ ಬಂತು. ರಿಕ್ಕರ್ಟನ್ನಿನ ಅಂಗಡಿಯಿಂದ ನಿಮ್ಮಮ್ಮ ಬಾಳೆಎಲೆ ತಂದಳು. ನಿಮ್ಮ ತಾತನಿಗೆ ಮುದ್ದೆ, ಕೋಳಿಸಾರು, ಒಂದು ಲೋಟ ಕಾಫಿ. ಪಕ್ಕದ ಮನೆಯಮ್ಮನಿಗೆ ಆಲೂಗಡ್ಡೆ ಪಲ್ಯ, ಬಾದಾಮಿ ಹಾಲು. ಮೂರನೆಯ ಎಲೆಯ ಮುಂದೆ ಸೌಟು ಹಿಡಿದು ನಿಂತುಬಿಟ್ಟೆ. ಅವಳು ಏನು ಉಣ್ಣುತ್ತಿದ್ದಳೆಂದು ಹೇಳುವವರು ಭೂಮಿಯ ಮೇಲೆ ಯಾರೂ ಇಲ್ಲ. ಬರೀ ಅನ್ನ ಬಡಿಸಿ, ಮೇಲೆ ಒಂದಿಷ್ಟು ತುಪ್ಪ ಹಾಕಿದೆ. ಇಬ್ಬರನ್ನು ಹೆಸರು ಹಿಡಿದು ಕರೆದೆ. ಆಮೇಲೆ, ಹೆಸರು ತಿಳಿಯದವಳೇ ಬಾ ಎಂದೆ. ಹಾಗೆ ಕರೆಯುವಾಗ ನನ್ನ ಅಜ್ಜಿಯ ತಾಯಿಯೂ ನೆನಪಾದಳು. ನನ್ನವ್ವ ಪುಟ್ಟಮ್ಮ, ಅವಳವ್ವ ಕೆಂಪಮ್ಮ. ಅದರಾಚೆಗೆ ಯಾರನ್ನು ಕೇಳಲಿ, ಕೇಳಬಹುದಾಗಿದ್ದವರೆಲ್ಲ ಎಲೆಯ ಆ ಕಡೆಗೇ ಹೋಗಿದ್ದಾರೆ.

ಬಾಗಿಲು ಮುಚ್ಚಿ ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಪಕ್ಕದ ಮನೆಗೆ ಹೊಸಬರು ಬಂದಿದ್ದರು. ಹಿಂದಿನ ಕೋಣೆಯ ಕಿಟಕಿಯನ್ನು ಅಗಲವಾಗಿ ತೆರೆದಿದ್ದರು.

ಕೆಮ್ಮಿ, ಬಾಗಿಲು ತೆಗೆದು ಒಳಗೆ ಹೋದೆ. ನಿಮ್ಮ ತಾತನ ಮುದ್ದೆಯ ಮೇಲೆ ಚಿಕ್ಕದೊಂದು ತಗ್ಗು ಕಂಡಿತು, ಅಥವಾ ಕಂಡಿತೆಂದುಕೊಂಡೆ. ಬಾದಾಮಿ ಹಾಲು ಕೆನೆಗಟ್ಟಿತ್ತು. ಮೂರನೆಯ ಎಲೆಯನ್ನು ಬಾಗಿ, ಕತ್ತು ಓರೆ ಮಾಡಿಯೂ ನೋಡಿದೆ. ಅನ್ನ ಬಡಿಸಿದ ಹಾಗೇ ಇತ್ತು. ತುಪ್ಪ ಗಟ್ಟಿಯಾಗಿತ್ತು.

ಎಡೆಯ ಅನ್ನವನ್ನು ಚೆಲ್ಲಬಾರದು. ಆ ಎಲೆಯ ಮುಂದೆ ನಾನೇ ಕೂತು ಉಂಡೆ.